ಮೇಣದ ಕಲೆಯ ಕೆಳಗೆ

"ಛೀ! ಇದೇನಿದು, ಮೂಗು ಒರೆಸಿದ ಕಾಗದಾನಾ?"

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಅವಳು ಫೈಲನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಕಾಗದದ ಮೂಲೆಯಲ್ಲಿ ಹಳದಿ ಜಿಡ್ಡು. ಅದರೊಳಗೆ ಒಂದು ಕೂದಲು ಬೇರೆ!

ಬಾಗಿಲಲ್ಲಿ ನಿಂತವನು ನಕ್ಕ. "ಮೇಣ ರೀ. ಬೆರಳಿಗೆ ಶಾಖ ಕೊಡೋ ಮೇಣ. ಅದರಲ್ಲಿರೋ ಕೈ ಚಿತ್ರದ ಬಗ್ಗೆ ಒಂದು ಮಾತು ಹೇಳ್ಬೇಕಿತ್ತು..."

"ಮೊದ್ಲು ಕೈ ತೊಳ್ಕೊಳ್ಳಿ. ಆಮೇಲೆ ಮಾತು!"

ಅವನ ಮುಖ ಬಾಡಿತು. ಅವಳು ಬಾಗಿಲು ಹಾಕಿಕೊಂಡಳು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು, ಒಂದೊಂದು ಕಾಯಿಲೆಗೂ ಅದರದೇ ಸಂಕೇತ ಸಂಖ್ಯೆ ಹಾಕುವುದು ಅವಳ ಕೆಲಸ. ನೋಯುವ ಕೈಗಳಿಗೆ ಶಾಖ ಕೊಟ್ಟು, ಬೆರಳಿಗೆ ಪಟ್ಟಿ ಕಟ್ಟುವುದು ಅವನ ಕೆಲಸ. ಅವಳನ್ನು ಎಲ್ಲರೂ ಬೆನ್ನ ಹಿಂದೆ 'ಸೋಪಿನ ರಾಣಿ' ಎನ್ನುತ್ತಿದ್ದರು. ಅವನೊಬ್ಬ ಅನ್ನುತ್ತಿರಲಿಲ್ಲ.

ಅಂದಿನ ಫೈಲು ದರ್ಜಿ ಅಜ್ಜಿಯದು. ಉಂಗುರದ ಬೆರಳು ಮಡಚಿದರೆ ಅಲ್ಲೇ ಸಿಕ್ಕಿಕೊಳ್ಳುವುದು, ಎಳೆದರೆ 'ಟಕ್' ಎಂದು ಬಿಚ್ಚುವುದು. ಬೆರಳನ್ನು ಮಡಚುವ ಹುರಿ ಊದಿಕೊಂಡು, ತನ್ನ ಕೊಳವೆಯಲ್ಲಿ ಜಾರದೆ ನಿಲ್ಲುವ ಕಾಯಿಲೆ. ಯಾವ ಬೆರಳು, ಎಡಗೈಯೋ ಬಲಗೈಯೋ... ಒಂದೊಂದಕ್ಕೂ ಬೇರೆ ಸಂಖ್ಯೆ.

ವೈದ್ಯರ ಪತ್ರ ಬರುವತನಕ ಕಾಯಬೇಕಿತ್ತು. ಆದರೆ ಆ ಜಿಡ್ಡು ಮೇಜಿನಿಂದ ತೊಲಗಿದರೆ ಸಾಕಿತ್ತು ಅವಳಿಗೆ! ಅಜ್ಜಿಯ ಕೈ ಸುತ್ತ ಅವನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಹೆಬ್ಬೆರಳು ಬಲಕ್ಕಿದೆ. ಅಂದರೆ ಎಡಗೈ!

ಸಂಖ್ಯೆ ಹಾಕಿ, ಮೂರು ಸಲ ಕೈ ತೊಳೆದಳು.

ಎಂಟನೇ ದಿನ ಅಜ್ಜಿಯ ಆಪರೇಷನ್ ನಿಂತುಹೋಯಿತು. ವೈದ್ಯರ ಪತ್ರದಲ್ಲಿ ಬಲಗೈ, ಸಂಖ್ಯೆಯಲ್ಲಿ ಎಡಗೈ!

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರಪ್ಪಾ?" ಅಜ್ಜಿ ಕಾರಿಡಾರಿನಲ್ಲೇ ರೇಗಿದಳು. "ಕತ್ತರಿ ಹಿಡಿಯೋ ಕೈ ಯಾವ್ದು ಅಂತ ನನ್ನೇ ಕೇಳ್ಬಾರ್ದಿತ್ತಾ?"

"ಯಾರ ತಪ್ಪು ಇದು?" ಎಂದರು ಮೇಲಧಿಕಾರಿ.

"ನಂದೇ ಸರ್," ಅವನು ಥಟ್ಟನೆ ಅಂದ. "ಚಿತ್ರ ಬರೆದೋನು ನಾನೇ."

"ಹಾಗಾದ್ರೆ ನಾಳೆಯಿಂದ ಬರ್ಬೇಡಿ."

'ಆಗಬೇಕಾದ್ದೇ! ಕೊಳಕ...' ಎಂದುಕೊಂಡಳು ಅವಳು. ಆದರೆ ಖುಷಿಯಾಗಬೇಕಾದ ಜಾಗದಲ್ಲಿ ಏನೋ ಚುಚ್ಚಿತು.

ಫೈಲನ್ನು ಮತ್ತೆ ತೆರೆದಳು. ಅವತ್ತು ಏನೋ ಹೇಳಬೇಕು ಅಂದಿದ್ದನಲ್ಲ... ಕಣ್ಣು ಮುಚ್ಚಿ, ಉಗುರಿನಿಂದ ಆ ಮೇಣವನ್ನು ಕೆರೆದಳು.

ಕೆಳಗೆ ಸಣ್ಣ ಅಕ್ಷರಗಳು! 'ಮಡಚಿದ ಬೆರಳು ಬಿಚ್ಚುತ್ತಿಲ್ಲ. ಅದಕ್ಕೇ ಕೈ ಅಂಗಾತ ಮಾಡಿಸಿ ಗೆರೆ ಎಳೆದಿದ್ದೇನೆ. ಇದು ಬಲಗೈ.'

ತನ್ನ ಬಲಗೈಯನ್ನು ಅಂಗಾತ ಮಾಡಿ ಚಿತ್ರದ ಮೇಲಿಟ್ಟಳು. ಹೆಬ್ಬೆರಳ ಮೇಲೆ ಹೆಬ್ಬೆರಳು ಕೂತಿತು.

ಛೀ... ಈ ಸಲದ ಹೇಸಿಗೆ ಅವನ ಮೇಲಲ್ಲ.

"ಸರ್, ತಪ್ಪು ನಂದು. ಅವರು ಬರೆದಿದ್ರು. ನಾನು ಮುಟ್ಟಲಿಲ್ಲ."

"ಮುಟ್ಟಲಿಲ್ಲ ಅಂದ್ರೆ?"

"ಅಸಹ್ಯ ಆಯ್ತು ಸರ್..."

ಮೇಲಧಿಕಾರಿ ಅವಳನ್ನೇ ದಿಟ್ಟಿಸಿದರು. "ಮೊದ್ಲು ಅಜ್ಜಿ ಸಂಖ್ಯೆ ಸರಿ ಮಾಡಿ. ಆ ಹುಡುಗನಿಗೆ ಹೋಗ್ಬೇಡ ಅಂತ ನೀವೇ ಹೇಳಿ. ನಿಮ್ಮ ವಿಚಾರ ಆಮೇಲೆ ನೋಡ್ತೀನಿ."

ಸಂಖ್ಯೆ ತಿದ್ದಿ, ಅವನು ಶಾಖ ಕೊಡುವ ಕೋಣೆಗೆ ಓಡಿದಳು. ಅವನು ಚೀಲ ಕಟ್ಟುತ್ತಿದ್ದ.

"ನೀವು ಹೋಗೋ ಹಾಗಿಲ್ಲ! ಎಲ್ಲಾ ಹೇಳಿ ಬಂದೆ. ಯಾಕ್ರೀ ಸುಳ್ಳು ಹೇಳಿದ್ರಿ?"

"ಮೇಣ ಬೀಳಿಸಿದ್ದು ನಾನೇ ಅಲ್ವಾ?" ಅವನು ಮೆಲ್ಲಗೆ ಕೇಳಿದ. "ನಿಮ್ಮ ಬೆರಳು ಹೇಗಿದೆ?"

ಅವಳು ಬೆಚ್ಚಿ ಕೈ ಹಿಂದೆ ಸರಿಸಿದಳು. ಮೂರು ತಿಂಗಳಿಂದ ಅವಳದೂ ಉಂಗುರದ ಬೆರಳು ಬೆಳಿಗ್ಗೆ ಎದ್ದರೆ ಕೊಕ್ಕೆಯಾಗಿರುತ್ತಿತ್ತು. ಆ 'ಟಕ್' ಸದ್ದಿಗೇ ಅವಳಿಗೆ ವಾಕರಿಕೆ. ಯಾರಿಗೂ ಹೇಳಿರಲಿಲ್ಲ!

"ನಿಮಗೆ ಹೇಗೆ..."

"ನೀವು ಎರಡು ಬೆರಳಲ್ಲಿ ಫೈಲ್ ಹಿಡಿಯೋದು ಅಸಹ್ಯಕ್ಕೆ ಅಂತ ಎಲ್ರೂ ಅಂದ್ಕೊಂಡ್ರು. ನಂಗೆ ನೋವು ಕಾಣ್ತು. ಕೇಳೋಣ ಅಂತಾನೇ ದಿನಾ ಫೈಲ್ ನಾನೇ ತರ್ತಿದ್ದೆ."

"ಮತ್ತೆ ಕೇಳ್ಲೇ ಇಲ್ಲ?"

"ಕೈ ತೊಳೆಯೋದ್ರಲ್ಲೇ ಆಯುಷ್ಯ ಮುಗೀತು!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಬೆಚ್ಚಗಿನ ಮೇಣದ ಪಾತ್ರೆಗೆ ತಾನೇ ಕೈ ಅದ್ದಿದಳು.

"ಛೀ... ಎಂಥ ಜಿಡ್ಡು!"

"ತೆಗೀರಿ, ಒರೆಸ್ತೀನಿ."

"ಬೇಡ. ಹಿಡ್ಕೊಳ್ಳಿ... ಬಿಡ್ಬೇಡಿ."

"ನಾನು ಕೈ ತೊಳೆದಿಲ್ಲ ರೀ."

"ಗೊತ್ತು," ಎಂದಳು ಅವಳು.