ಒಣಗದ ತುಟಿ

ಮಂಗಳವಾರ ಸಂಜೆ 4.10ಕ್ಕೆ ಠಾಣೆಯ ಫೋನ್ ಹೊಡೆದುಕೊಂಡಿತು. "ನನ್ನ ಮಗೂನ ಯಾರೋ ಎತ್ಕೊಂಡ್ಹೋದ್ರಪ್ಪಾ," ಎಂದು ಅತ್ತಿತು ಒಂದು ಮುದಿ ದನಿ. 4.22ಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್, ಮಹಿಳಾ ಕಾನ್‌ಸ್ಟೇಬಲ್ ಮೂವರೂ ವೃದ್ಧರ ಆರೈಕೆ ಕೇಂದ್ರದ ಏಳನೇ ಕೋಣೆಯಲ್ಲಿದ್ದರು. ದಿಂಬಿನ ಮೇಲೆ ಕೆಂಪು ಕಲೆ. ಮಂಚದಲ್ಲಿ ಕೂತಿದ್ದ ಅಜ್ಜಿಯ ಗಲ್ಲದ ಮೇಲೂ ಅದೇ ಕೆಂಪು. ಇನ್‌ಸ್ಪೆಕ್ಟರ್ ಬಗ್ಗಿ ಮಂಚದ ಕೆಳಗೆ ನೋಡಿದರು.

ಮೇಲ್ವಿಚಾರಕಿ ಏದುಸಿರು ಬಿಡುತ್ತ ಓಡಿ ಬಂದರು. "ಸರ್, ಅದು ಗೊಂಬೆ."

ವಿನೈಲ್ ಗೊಂಬೆ, ಥೇಟ್ ಹಸುಗೂಸಿನ ಹಾಗೆ ಬಣ್ಣ ಹಚ್ಚಿದ್ದು. ಮೂರು ವಾರದ ಹಿಂದೆ ಕಳಿಸಿದವರ ಹೆಸರಿಲ್ಲದ ಪಾರ್ಸೆಲ್ಲಿನಲ್ಲಿ ಬಂದಿತ್ತು. ಮರೆವಿನ ಕಾಯಿಲೆಯ ಅಜ್ಜಿಗೆ ಕೊಟ್ಟರು. ಅಂದಿನಿಂದ ಅಜ್ಜಿ ಮಗುವಿನ ಬಾಯಿಗೆ ಚಮಚ ಹಿಡಿದು, ಆಮೇಲಷ್ಟೇ ತಾವೂ ಒಂದು ಗುಟುಕು ಕುಡಿಯುತ್ತಿದ್ದರು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ.

"ಇಲೀನೂ ಸಿಕ್ಕಿಲ್ಲವಲ್ರೀ," ಎಂದರು ಇನ್‌ಸ್ಪೆಕ್ಟರ್. ಗಡಿಯಾರ ನೋಡದೆ ಉಸಿರನ್ನೂ ಬಿಡದ ಮನುಷ್ಯ. ಠಾಣೆಯಲ್ಲಿ ಅವರ ಅಡ್ಡಹೆಸರೇ ಗಡಿಯಾರ ಸಾಹೇಬರು. ದಂಡವಾದ ನಲವತ್ತು ನಿಮಿಷ ಅವರಿಗೆ ಹಲ್ಲುನೋವಿನಂತೆ ಕಾಡಿತು.

ಬುಧವಾರ ಬೆಳಿಗ್ಗೆ 9.20ಕ್ಕೆ ಮೇಲ್ವಿಚಾರಕಿಯೇ ಠಾಣೆಗೆ ಬಂದರು. "ನಿನ್ನೆಯಿಂದ ಅಜ್ಜಿ ಒಂದು ತೊಟ್ಟು ನೀರು ಮುಟ್ಟಿಲ್ಲ ಸರ್. ಡ್ರಿಪ್ ಹಾಕಿದ್ರೆ ಕಿತ್ತು ಹಾಕ್ತಾರೆ. ಬೇರೆ ಗೊಂಬೆ ಕೊಟ್ವಿ. 'ಇದ್ಯಾರ ಮಗು? ಅವರಮ್ಮ ಹುಡುಕ್ತಿರ್ತಾಳೆ, ಕೊಟ್ಬನ್ನಿ' ಅಂದ್ರು. ಸಂಜೆ ದಾಟಿದ್ರೆ ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ."

ಕಳವಿನ ಎಫ್‌ಐಆರ್ ದಾಖಲಾಯಿತು. ಈ ಸಲ ಯಾರೂ ನಗಲಿಲ್ಲ.

10.05ಕ್ಕೆ ಕೋಣೆಯ ಪಂಚನಾಮೆ. ಬೀಗ ಒಡೆದಿಲ್ಲ, ಕಿಟಕಿ ಭದ್ರ. ಒಳಗಿನವರದೇ ಕೈ. ಮಹಿಳಾ ಕಾನ್‌ಸ್ಟೇಬಲ್ ದಿಂಬಿನ ಕಲೆ ಮೂಸಿ ನೋಡಿದಳು.

"ನೇಲ್ ಪಾಲಿಶ್ ಸರ್. ಇನ್ನೂ ಅಂಟಂಟು."

"ಅದು ಐದು ನಿಮಿಷಕ್ಕೆ ಒಣಗಲ್ವೇನ್ರೀ?"

"ಉಗುರಿನ ಮೇಲೆ ಒಣಗುತ್ತೆ ಸರ್."

ಇಂಥ ಗೊಂಬೆಗೆ ಬಣ್ಣ ಹಚ್ಚುವುದನ್ನು ಊರಿನಲ್ಲಿ ಕಲಿಸುವವರು ಒಬ್ಬರೇ. ಮಧ್ಯಾಹ್ನ 12.30ಕ್ಕೆ ಅವರ ಕಾರ್ಯಾಗಾರದಲ್ಲಿ, ದಾರಕ್ಕೆ ನೇತುಹಾಕಿದ್ದ ಪುಟ್ಟ ಕೈಕಾಲುಗಳ ನಡುವೆ ವಿಚಾರಣೆ ನಡೆಯಿತು.

"ಹೊಸಬರ ಕೆಲಸ," ಎಂದರು ಶಿಕ್ಷಕಿ. "ಮೊದಲನೇ ದಿನವೇ ಬಾಯಿ ಬಡ್ಕೋತೀನಿ. ಬಣ್ಣ ನೀರಿನಷ್ಟು ತೆಳ್ಳಗಿರ್ಲಿ, ಸ್ಪಂಜಲ್ಲಿ ತಟ್ಟಿ. ಒಂದೊಂದು ಪದರಕ್ಕೂ ಎಂಟು ನಿಮಿಷ ಓವನ್. ಅಡುಗೆ ಓವನ್ ಅಲ್ಲ, ಬೇರೇದು. ಕೊನೇಲಿ ಹೊಳಪಿಲ್ಲದ ವಾರ್ನಿಷ್, ಮತ್ತೆ ಓವನ್. ನೇಲ್ ಪಾಲಿಶ್ ಮಾತ್ರ ಬೇಡ, ವಿನೈಲ್ ಮೇಲೆ ಅದು ಜನ್ಮದಲ್ಲಿ ಒಣಗಲ್ಲ."

"ಯಾರಾದ್ರೂ ಹಚ್ಚಿದ್ರಾ?"

"ಸೋಮವಾರ ಒಬ್ಬಾಕೆ ಫೋನ್ ಮಾಡಿದ್ಲು. 'ನಂಗೆ ಗೊತ್ತಿರೋರು ಹಚ್ಬಿಟ್ಟಿದ್ದಾರೆ, ಬಾಯಿಗೆ ಹೋದ್ರೆ ವಿಷನಾ ಮೇಡಂ?' ಅಂತ ಮೂರ್ಮೂರು ಸಲ ಕೇಳಿದ್ಲು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳು," ಎಂದ ಹೆಡ್ ಕಾನ್‌ಸ್ಟೇಬಲ್.

ಆ ನಂಬರನ್ನು ಕೇಂದ್ರಕ್ಕೆ ಒಯ್ದು ತೋರಿಸಿದಾಗ ಮೇಲ್ವಿಚಾರಕಿ ಬೆಚ್ಚಿದರು. "ಇದು ನಮ್ಮಲ್ಲಿ ಬಟ್ಟೆ ಒಗೆಯೋ ಅಕ್ಕಂದು. ನಿನ್ನೆ ಮಧ್ಯಾಹ್ನದಿಂದ ರಜೆ!"

ಫೋನ್ ಬಂದ್ ಆಗಿತ್ತು. ಕಚೇರಿಯಲ್ಲಿದ್ದ ವಿಳಾಸ ಹಳೆಯದು. ಹೊಸ ಮನೆ ಹುಡುಕುವಷ್ಟರಲ್ಲಿ ಮೂರು ಗಂಟೆ ಹೋಯಿತು. ನಡುವೆ ಡಾಕ್ಟರ್ ಎರಡು ಸಲ ಕರೆ ಮಾಡಿದರು. ಎರಡನೆಯ ಸಲ ಅವರ ದನಿ ಇಳಿದಿತ್ತು: "ನಾಡಿ ಸೋಲ್ತಾ ಇದೆ. ಬೇಗ."

4.36ಕ್ಕೆ ಬಾಗಿಲು ತೆರೆಯಿತು. ಒಳಗೆ ಮೇಜಿನ ಮೇಲೆ ಬಟ್ಟೆಯ ಮುಂಡ, ಪಕ್ಕದಲ್ಲಿ ಎರಡು ಕೈ, ಎರಡು ಕಾಲು. ಮೂಲೆಯಲ್ಲಿ ಪುಟ್ಟ ಓವನ್ ಉರಿಯುತ್ತಿತ್ತು, ಒಳಗೆ ಗೊಂಬೆಯ ತಲೆ. ಬಟ್ಟೆ ಒಗೆಯುವಾಕೆ ಅದಕ್ಕೆ ಅಡ್ಡ ನಿಂತಳು.

"ಯಾಕಮ್ಮಾ ಕದ್ದೆ?"

"ಮಾಡಿದ್ದೂ ನಾನೇ, ಪಾರ್ಸೆಲ್ ಕಳಿಸಿದ್ದೂ ನಾನೇ ಸರ್. ತುಟಿ ಒದ್ದೆ ಥರ ಕಾಣ್ಲಿ ಅಂತ ನೇಲ್ ಪಾಲಿಶ್ ಹಚ್ಚಿದ್ದೆ. ಅಜ್ಜಿ ದಿನಕ್ಕೆ ನೂರು ಮುತ್ತು ಕೊಡ್ತಾರೆ. ದಿಂಬಿನ ಬಟ್ಟೆ ಒಗೆಯೋಳು ನಾನಲ್ವಾ, ಕಲೆ ಮೊದಲು ಕಂಡಿದ್ದು ನಂಗೆ."

"ಹೇಳಬಹುದಿತ್ತಲ್ಲ?"

"ಹೇಳಿದ್ರೆ ಅದು ಕಸದ ಬುಟ್ಟಿಗೆ, ನಾನು ಬೀದಿಗೆ. ಒಂದು ಸಂಜೆ ಕೆಲಸ ಅಂದ್ಕೊಂಡೆ. ಹಳೇ ಬಣ್ಣ ಬಿಡಿಸೋಕೇ ಇವತ್ತು ಬೆಳಗಾಯ್ತು."

"ಅಜ್ಜಿ ನೀರು ಕುಡಿಯೋದೇ ಬಿಟ್ಟಿದ್ದಾರೆ. ತೆಗಿ ಈಗಲೇ!"

ಅವಳ ಮುಖ ಬಿಳಿಚಿಕೊಂಡಿತು. ಆದರೂ ಸರಿಯಲಿಲ್ಲ. "ಇನ್ನು ನಾಲ್ಕೇ ನಿಮಿಷ ಸರ್. ಕೊನೇ ವಾರ್ನಿಷ್. ಈಗ ತೆಗೆದ್ರೆ ಮತ್ತೆ ಅಂಟುತ್ತೆ, ಮತ್ತೆ ಅವರ ಬಾಯಿಗೇ ಹೋಗುತ್ತೆ."

ಗಡಿಯಾರ ಸಾಹೇಬರು ಕೈಗಡಿಯಾರ ನೋಡಿದರು. ಕುರ್ಚಿ ಎಳೆದು ಕೂತರು. ಅಷ್ಟು ಉದ್ದದ ನಾಲ್ಕು ನಿಮಿಷ ಅವರ ಸರ್ವಿಸಿನಲ್ಲಿ ಬಂದಿರಲಿಲ್ಲ. ಬಂಧನದ ವೇಳೆ 4.42 ಎಂದು ದಾಖಲಾಯಿತು.

ಹೇಳಿಕೆಯನ್ನು ಅವಳು ಜೀಪಿನಲ್ಲೇ ಕೊಟ್ಟಳು, ಮಡಿಲಲ್ಲಿ ಗೊಂಬೆಯ ಕೈಕಾಲು ಜೋಡಿಸುತ್ತ. ಹತ್ತೊಂಬತ್ತು ವರ್ಷ ಆ ಕೇಂದ್ರದ ಹಾಸಿಗೆ ಬಟ್ಟೆ ಒಗೆದಿದ್ದಳು. ಅದು ಯಾರ ಕೈಕೆಲಸ ಎಂದು ಯಾರೂ ಕೇಳಿರಲಿಲ್ಲ. ಅವಳು ಮಾಡಿದ್ದೊಂದನ್ನು ಎದೆಗೊತ್ತಿಕೊಂಡವರು ಅಜ್ಜಿ ಒಬ್ಬರೇ. ಅದರಲ್ಲೇ ವಿಷವಿದೆ ಎಂದು ಹೇಳಲು ನಾಲಿಗೆ ಏಳಲಿಲ್ಲವಂತೆ.

5.05ಕ್ಕೆ ಏಳನೇ ಕೋಣೆ. ಜಪ್ತಿ ಮಾಡಿದ ಗೊಂಬೆಯನ್ನು ಮುಚ್ಚಳಿಕೆ ಬರೆಸಿಕೊಂಡು ಮೇಲ್ವಿಚಾರಕಿಯ ವಶಕ್ಕೆ ಕೊಟ್ಟರು. ಓವನ್ನಿನ ಬಿಸಿ ಇನ್ನೂ ಆರಿರಲಿಲ್ಲ. ಅಜ್ಜಿ ಅದರ ಕೆನ್ನೆ ಮುಟ್ಟಿದರು, ಕಣ್ಣು ಬಿಟ್ಟರು.

"ಬೆಚ್ಚಗಿದ್ದಾನೆ," ಎಂದರು. "ಯಾರೋ ಚೆನ್ನಾಗಿ ನೋಡ್ಕೊಂಡಿದ್ದಾರೆ."

ಚಮಚದ ನೀರು ಮೊದಲು ಮಗುವಿನ ಬಾಯಿಗೆ ಹೋಯಿತು, ಆಮೇಲೆ ಅಜ್ಜಿಯ ಗಂಟಲಿಗೆ. ಆಮೇಲೆ ಅಜ್ಜಿ ಮಗುವಿನ ತುಟಿಗೆ ಮುತ್ತಿಟ್ಟರು.

ಬಾಗಿಲ ಹೊರಗೆ, ಮಹಿಳಾ ಕಾನ್‌ಸ್ಟೇಬಲ್ ಕೈ ಹಿಡಿದಿದ್ದ ಆರೋಪಿ ಒಂದೇ ಮಾತು ಕೇಳಿದಳು. "ಬಣ್ಣ ಬಿಡ್ತಾ ಸರ್?"

ಇನ್‌ಸ್ಪೆಕ್ಟರ್ ತಮ್ಮ ಬಿಳಿ ಕರವಸ್ತ್ರದಿಂದ ಅಜ್ಜಿಯ ಗಲ್ಲ ಒರೆಸಿ, ಅದನ್ನು ಬಿಡಿಸಿ ಅವಳಿಗೆ ತೋರಿಸಿದರು. ಅದರಲ್ಲಿ ನೀರಿನ ಗುರುತು ಮಾತ್ರ ಇತ್ತು.