ಪುಸ್ತಕ ಹೇಳಿತು

"ಸರಿಯಾಗಿ ನೋಡೇ, ಕೆಳಗೆಲ್ಲಾದ್ರೂ ಇರಬಹುದು," ಎಂದಳು ರೇಡಿಯೋ.

ಐದನೇ ಕ್ಲಾಸಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಶನಿವಾರ ಪಕ್ಕದ ಸೆಕ್ಷನ್ ಜೊತೆ ಆಡುವ ಫುಟ್‌ಬಾಲ್ ಟೀಮ್. ಒಟ್ಟು ಏಳು ಹೆಸರು. ಏಳನೇ ಹೆಸರಿನ ಕೆಳಗೆ ಗೋಂದಿನ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲ ಕಣೇ," ಎಂದಳು ಪೆನ್ಸಿಲ್. ಅವಳು ಮತ್ತೆ ನೋಡಬೇಕಾದ್ದೇ ಇರಲಿಲ್ಲ. ಹಿಂದಿನ ದಿನ ಸಂಜೆ ಆ ಪಟ್ಟಿ ಬರೆದವಳು ಅವಳೇ.

ಕಿವಿಯ ಹಿಂದೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು, ಅದಕ್ಕೇ ಆ ಹೆಸರು. ಇನ್ನು ಅವಳ ಜೀವದ ಗೆಳತಿಗೆ ರೇಡಿಯೋ ಅಂತ ಯಾಕೆ ಹೆಸರು ಬಂತೆಂದು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಸ್ಕೂಲ್ ಗೇಟಿನಲ್ಲಿ ಶುರುವಾದ ಅವಳ ಮಾತು ಸಂಜೆ ಅದೇ ಗೇಟಿನಲ್ಲಿ ನಿಂತರೆ ಪುಣ್ಯ. ಆಟದಲ್ಲೂ ಹಾಗೇ. ಗೋಲ್‌ಕೀಪರ್‌ಗಿಂತ ಸ್ವಲ್ಪ ಮುಂದೆ ನಿಂತುಕೊಂಡು, "ಎಡಗಡೆ ಹೋಗು! ಹಿಂದೆ ಬಂದ ನೋಡು! ಅಯ್ಯೋ, ನಿದ್ದೆ ಮಾಡ್ತಿದ್ದೀಯಾ?" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು.

"ಯಾಕೆ ನನ್ನನ್ನ ಬಿಟ್ಟಿದ್ದು?" ಎಂದು ಅವಳು ಕೇಳುವಾಗ ಧಣಿ ಬಂದ. ಬಾಲ್ ಅವನದು. ಅದೂ ನಿಜವಾದ ಲೆದರ್ ಬಾಲ್. ಹಾಗಾಗಿ ಅವನು ಹೇಳಿದ್ದೇ ರೂಲು, ಅವನೇ ಧಣಿ.

"ನಾನಲ್ಲಪ್ಪ. ಪುಸ್ತಕ ಹೇಳ್ತು," ಎಂದ ಧಣಿ.

ಪುಸ್ತಕ ಎಂದರೆ ಪೆನ್ಸಿಲ್‌ಳ ನೋಟ್‌ಬುಕ್. ಎರಡು ವಾರದ ಹಿಂದೆ ಧಣಿ ಅವಳ ಹತ್ತಿರ ಬಂದು, "ನೀನು ಮ್ಯಾಥ್ಸ್‌ನಲ್ಲಿ ಫಸ್ಟು. ನಮ್ಮೂರಿನ ಫುಟ್‌ಬಾಲ್ ಕ್ಲಬ್‌ನಲ್ಲಿ ಈಗ ಕಂಪ್ಯೂಟರ್ ನೋಡ್ಕೊಂಡೇ ಪ್ಲೇಯರ್‌ಗಳನ್ನ ಆರಿಸ್ತಾರಂತೆ. ನಾವೂ ಹಾಗೇ ಮಾಡೋಣ," ಎಂದಿದ್ದ. ಪೆನ್ಸಿಲ್ ಉಬ್ಬಿಹೋಗಿದ್ದಳು. ಅವತ್ತಿನಿಂದ ದಿನವೂ ಗೆರೆಯಾಚೆ ನಿಂತು ಒಂದೂ ಬಿಡದೆ ಬರೆದಳು. ಎಷ್ಟು ಪಾಸ್, ಎಷ್ಟು ಗೋಲು, ಎದುರಾಳಿಯಿಂದ ಬಾಲ್ ಕಿತ್ತುಕೊಂಡದ್ದು ಎಷ್ಟು ಸಲ. ಹೊಸದಾಗಿ ಸೇರಿದ್ದ ಹುಡುಗ ಹನ್ನೊಂದು ಸಲ ಬಾಲ್ ಕಿತ್ತುಕೊಂಡಿದ್ದ. ರೇಡಿಯೋ ಎರಡೇ ಸಲ.

ರೇಡಿಯೋ ಈಗ ಪೆನ್ಸಿಲ್‌ಳ ಕಡೆ ತಿರುಗಿದಳು. "ಹೌದಾ?"

"ಹೌದು ಕಣೇ," ಎಂದಳು ಪೆನ್ಸಿಲ್. "ಪುಸ್ತಕ ಹಾಗೆ ಹೇಳ್ತು."

ಅವಳು ಜಗಳ ಆಡಬಹುದು, ಅಳಬಹುದು, ಕೂದಲು ಹಿಡಿದು ಎಳೆದರೂ ಎಳೆಯಬಹುದು ಎಂದುಕೊಂಡಿದ್ದಳು ಪೆನ್ಸಿಲ್. ರೇಡಿಯೋ ಸುಮ್ಮನೆ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ಅವತ್ತು ಪೂರ್ತಿ ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ಜ್ವರವಿರಬೇಕೆಂದು ಟೀಚರ್ ಎರಡು ಸಲ ಹಣೆ ಮುಟ್ಟಿ ನೋಡಿದರು. ಗುರುವಾರವೂ ಹಾಗೇ, ಶುಕ್ರವಾರವೂ ಹಾಗೇ.

ಶನಿವಾರ ಬೆಳಿಗ್ಗೆ ಮ್ಯಾಚ್ ನಡೆಯಿತು. ಗೆದ್ದರು! ನಾಲ್ಕು-ಮೂರು. ಹೊಸ ಹುಡುಗ ಮೈದಾನವೆಲ್ಲ ಒಂದು ಮಾಡಿ ಓಡಿದ, ಒಂದು ಗೋಲನ್ನೂ ಹೊಡೆದ.

"ನೋಡಿದ್ಯಾ? ಪುಸ್ತಕ ಸುಳ್ಳು ಹೇಳಲ್ಲ!" ಎಂದು ಧಣಿ ಪೆನ್ಸಿಲ್‌ಳ ಬೆನ್ನಿಗೆ ಗುದ್ದಿದ.

ಅವಳೂ ನಕ್ಕಳು. ಆದರೆ ಮ್ಯಾಚ್ ಗೆದ್ದ ದಿನ ಮನೆಗೆ ಹೋಗುವ ದಾರಿಯಲ್ಲಿ ರೇಡಿಯೋ ಇಡೀ ಆಟವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಬೇಕು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಇವತ್ತು ಪೆನ್ಸಿಲ್ ಒಬ್ಬಳೇ ನಡೆದಳು. ಗೆದ್ದ ಖುಷಿಯನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಅವಳಿಗೆ ಬೇಜಾರಾಯಿತು.

ಅವಳು ನೇರ ಅಪ್ಪನ ಕಟಿಂಗ್ ಶಾಪಿಗೆ ಹೋದಳು. ಎರಡು ಕುರ್ಚಿ, ಉದ್ದ ಕನ್ನಡಿ, ಕನ್ನಡಿಯ ಸುತ್ತ ಕ್ಲಬ್‌ನ ಫೋಟೋಗಳು. ಶನಿವಾರ ಅಲ್ಲಿ ಕಟಿಂಗ್‌ಗಿಂತ ಫುಟ್‌ಬಾಲ್ ಮಾತೇ ಜಾಸ್ತಿ. ಪೆನ್ಸಿಲ್ ಮೂಲೆಯ ಸ್ಟೂಲಿನ ಮೇಲೆ ಕೂತು ಒಗೆದ ಟವೆಲ್‌ಗಳನ್ನು ಮಡಚತೊಡಗಿದಳು.

ಪೋಸ್ಟ್‌ಮ್ಯಾನ್ ತಾತ ಬೆಂಚಿನ ಮೇಲೆ ಕೂತು ಕುದಿಯುತ್ತಿದ್ದರು. ನಲವತ್ತು ವರ್ಷದಿಂದ ಕ್ಲಬ್‌ನ ಒಂದು ಮ್ಯಾಚನ್ನೂ ತಪ್ಪಿಸಿದವರಲ್ಲ. "ಕಳೆದ ವಾರ ಗೆದ್ವಿ, ಸರಿ. ಆದ್ರೆ ಗೆದ್ದೋರು ಯಾರು ಅಂತಾನೇ ಗೊತ್ತಾಗಲಿಲ್ಲ ನನಗೆ! ಯಾವನೋ ಹೊಸ ಹುಡುಗನ್ನ ತರ್ತಾರೆ. ಅವನ ಹೆಸರು ನಮ್ಮ ಬಾಯಿಗೆ ಬರೋಷ್ಟರಲ್ಲಿ ದುಬಾರಿಗೆ ಮಾರಿಬಿಡ್ತಾರೆ. ಈ ಹೊಸ ಓನರ್‌ಗೆ ಅದು ಕ್ಲಬ್ಬೋ, ಅಂಗಡಿಯೋ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕ್ಯಾಪ್ಟನ್ ಒಳಗೆ ಬಂದರು. ತಾತ ಎದ್ದು ನಿಂತೇಬಿಟ್ಟರು. ಕ್ಯಾಪ್ಟನ್ ಎಂದರೆ ಕ್ಲಬ್‌ನ ಕ್ಯಾಪ್ಟನ್. ಹದಿನಾಲ್ಕು ವರ್ಷ ಅದೇ ಕ್ಲಬ್‌ಗೆ ಆಡಿದವರು, ಅಷ್ಟೂ ವರ್ಷ ಅಪ್ಪನ ಹತ್ತಿರವೇ ಕೂದಲು ಕತ್ತರಿಸಿಕೊಂಡವರು. ಹತ್ತು ದಿನದ ಹಿಂದೆ ಕ್ಲಬ್ ಅವರನ್ನು ಬೇಡವೆಂದಿತ್ತು.

ಅಪ್ಪ ಬಟ್ಟೆ ಹೊದಿಸಿ ಕತ್ತರಿ ಎತ್ತಿಕೊಂಡರು. ತಾತನಿಗೆ ತಡೆಯಲಾಗಲಿಲ್ಲ. "ನಿಮ್ಮ ಓಟ ಕಮ್ಮಿಯಾಗಿದೆ ಅಂತ ಕಂಪ್ಯೂಟರ್ ಹೇಳ್ತಂತೆ?"

"ಕಮ್ಮಿ ಆಗಿದೆಯಲ್ಲ ತಾತ," ಎಂದರು ಕ್ಯಾಪ್ಟನ್. "ವಯಸ್ಸು ಮೂವತ್ತಾರು. ಅದೇನು ಸುಳ್ಳಲ್ಲ."

ಆಮೇಲೆ ಕ್ಯಾಪ್ಟನ್ ಕನ್ನಡಿಯಲ್ಲೇ ಅಪ್ಪನನ್ನು ನೋಡುತ್ತಾ ಹೇಳಿದರು. "ಯಾರಾದ್ರೂ ಒಬ್ಬರು ಎದುರಿಗೆ ಕೂತು 'ನೀನು ಬೇಡ ಅಂತ ನಾನು ಹೇಳಿದೆ' ಅಂದಿದ್ರೆ ಸಾಕಿತ್ತು. ಬೈದೋ ಅತ್ತೋ, ಕೊನೆಗೆ ಕೈ ಕುಲುಕಿ ಬರ್ತಿದ್ದೆ. ಕೋಚ್‌ನ ಕೇಳಿದ್ರೆ ಓನರ್ ಅಂದ್ರು. ಓನರ್ ಆಫೀಸಲ್ಲಿ ಕೇಳಿದ್ರೆ ಕಂಪ್ಯೂಟರ್ ಅಂದ್ರು. ಕಂಪ್ಯೂಟರ್ ಜೊತೆ ಏನಂತ ಜಗಳ ಆಡಲಿ?"

ತಾತ ನಕ್ಕುಬಿಟ್ಟರು. ಅಪ್ಪನೂ ನಕ್ಕರು. ಕನ್ನಡಿಯೊಳಗಿನ ಕ್ಯಾಪ್ಟನ್ ನಗಲಿಲ್ಲ. ಪೆನ್ಸಿಲ್ ಅವರ ಮುಖವನ್ನೇ ನೋಡಿದಳು. ಮಡಚುತ್ತಿದ್ದ ಟವೆಲ್ ಹಾಗೇ ತೊಡೆಯ ಮೇಲೆ ಉಳಿಯಿತು.

"ಅಪ್ಪಾ, ಈಗ ಬಂದೆ," ಎಂದವಳೇ ಓಡಿದಳು.

ರೇಡಿಯೋ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ತಮ್ಮನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಶೂ ಲೇಸಿನ ಗಂಟು ಬಿಡಿಸುತ್ತಿದ್ದಳು. ಪೆನ್ಸಿಲ್‌ಳನ್ನು ನೋಡಿಯೂ ತಲೆ ಎತ್ತಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಪೆನ್ಸಿಲ್‌ಗೆ ಮರೆತುಹೋಯಿತು. "ಪುಸ್ತಕ ಹೇಳಲಿಲ್ಲ ಕಣೇ," ಎಂದಳು ಏದುಸಿರು ಬಿಡುತ್ತಾ. "ನಾನು ಹೇಳಿದ್ದು. ನಿನ್ನ ಹೆಸರು ಬಿಟ್ಟು ಬರೆದಿದ್ದು ನಾನೇ."

ರೇಡಿಯೋಳ ಬೆರಳು ಲೇಸಿನಲ್ಲೇ ನಿಂತಿತು.

"ಗೊತ್ತು," ಎಂದಳು. "ನಿನ್ನ ಕೈಬರಹ ನಂಗೊತ್ತಿಲ್ವಾ? ನೀನಾಗೇ ಬಂದು ಹೇಳ್ತೀಯಾ ಅಂತ ಬುಧವಾರದಿಂದ ಕಾಯ್ತಿದ್ದೀನಿ."

ಪೆನ್ಸಿಲ್‌ಳ ಕಿವಿ ಬಿಸಿಯಾಯಿತು. "ಸಾರಿ" ಎಂದದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಬಾಲ್ ಕಿತ್ಕೊಂಡಿದ್ದು ಎರಡೇ ಸಲ ಅಂತೆ!" ರೇಡಿಯೋ ತಟ್ಟನೆ ಎದ್ದು ನಿಂತಳು. "ನಾನು ಮೊದಲೇ ಕೂಗಿ ಎಲ್ರನ್ನೂ ಸರಿಯಾದ ಕಡೆ ನಿಲ್ಲಿಸ್ತಿದ್ದೆ. ಬಾಲ್ ನನ್ನ ತನಕ ಬಂದ್ರೆ ತಾನೇ ಕಿತ್ಕೊಳ್ಳೋದು? ಪಕ್ಕದಲ್ಲೇ ನಿಂತಿದ್ಯಲ್ಲ, ಕಿವಿ ಇರಲಿಲ್ವಾ ನಿಂಗೆ? ಅದೂ ಹೋಗ್ಲಿ. ಬಾಗಿಲ ಹತ್ರ ನನ್ನ ಪಕ್ಕದಲ್ಲೇ ನಿಂತ್ಕೊಂಡು ಪಟ್ಟೀಲಿ ನನ್ನ ಹೆಸರು ಹುಡುಕೋ ಹಾಗೆ ನಾಟಕ ಆಡ್ತೀಯಾ?"

ತಮ್ಮ ಒಂದೇ ಕಾಲಿನ ಶೂನಲ್ಲಿ ಮೆಲ್ಲಗೆ ಒಳಗೆ ಜಾರಿಕೊಂಡ. ರೇಡಿಯೋ ನಿಲ್ಲಿಸಲಿಲ್ಲ. ನಡುನಡುವೆ ಕಣ್ಣು ಒರೆಸಿಕೊಂಡಳು, ಮತ್ತೆ ಬೈದಳು.

'ಧಣಿ ತಾನೇ ನಂಗೆ ಹೇಳಿದ್ದು' ಎನ್ನುವ ಮಾತು ಪೆನ್ಸಿಲ್‌ಳ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಮೆಟ್ಟಿಲ ಮೇಲೆ ಕೂತಳು.

"ಇನ್ನೂ ಇದೆಯಾ?" ಎಂದು ಕೇಳಿದಳು.

"ಇನ್ನೂ ಬೇಕಾದಷ್ಟಿದೆ!"

"ಹೇಳು," ಎಂದಳು ಪೆನ್ಸಿಲ್.