ಹಡಗು ತಪ್ಪಲಿದ್ದ ಗಾಲಿಕುರ್ಚಿ

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಬಣ್ಣ ಒಣಗಲೆಂದು ಹಾಗೇ ಬಿಟ್ಟಿದ್ದರು. ಬೆಳಗಿನ ಮಂಜು ಒಳಗೂ ಬಂದು ಕೂತಿತ್ತು. ಅದರ ನಡುವೆ ಮಕ್ಕಳ ಗಾಲಿಕುರ್ಚಿಗಳು, ಯಾರಿಗೋ ಕಾದು ತೂಕಡಿಸುವಂತೆ, ಸಾಲಾಗಿ ನಿಂತಿದ್ದವು. ಹಿಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ.

ಇಲ್ಲಿನ ಮಕ್ಕಳಿಗೆ ಚಿಕ್ಕದಾದ ಕುರ್ಚಿಗಳನ್ನು ದಾನ ಪಡೆದು, ರಿಪೇರಿ ಮಾಡಿ, ಕಡಲಾಚೆಯ ಸಂಸ್ಥೆಗಳಿಗೆ ಕಳಿಸುವ ಶೆಡ್ಡು ಅದು. ಸಂಜೆ ಲಾರಿ ಬಂದರಿಗೆ ಹೊರಡಬೇಕಿತ್ತು.

"ಅದರ ಬದಲು ಬೇರೆಯದು ಕಳಿಸೋಕಾಗಲ್ವಾ?" ಕಳುವಿನ ದೂರಿನ ಮೇಲೆ ಬಂದಿದ್ದ ಇನ್ಸ್‌ಪೆಕ್ಟರ್ ಕೇಳಿದರು.

ಶೆಡ್ಡಿನ ಯಜಮಾನಿ ತಲೆಯಾಡಿಸಿದರು. "ಆಗಲ್ಲ ಮೇಡಂ. ಅಲ್ಲೊಬ್ಬ ಹುಡುಗಿಯ ಬೆನ್ನಿನ ಅಳತೆಗೇ ಅದನ್ನ ಸರಿಮಾಡಿದ್ವಿ. ಇಲ್ಲೀವರೆಗೂ ಅಮ್ಮನ ಸೊಂಟದ ಮೇಲೇ ಬೆಳೆದವಳು. ಕುರ್ಚಿ ಬಂದಮೇಲೇ ಶಾಲೆ."

ನೆಲದ ಮೇಲೆ ಹಳೇ ಬಣ್ಣ ಉಜ್ಜಿದ ಬಿಳಿ ಪುಡಿ ಹರಡಿತ್ತು. ಅದರಲ್ಲಿ ಎರಡು ಗಾಲಿಗಳ ಗೆರೆ ಬಾಗಿಲಿನವರೆಗೆ ಹೋಗಿತ್ತು. ಅಲ್ಲಿ ಅರ್ಧ ಸುತ್ತು. ಬಾಗಿಲಾಚೆಯ ಇಳಿಜಾರಿನುದ್ದಕ್ಕೂ ಗೆರೆಗಳ ಮಧ್ಯೆ ಚಪ್ಪಲಿ ಗುರುತು, ಮುಂತುದಿ ಶೆಡ್ಡಿನ ಕಡೆಗೆ. ಕೆಳಗೆ ಮತ್ತೆ ಅರ್ಧ ಸುತ್ತು.

ಇನ್ಸ್‌ಪೆಕ್ಟರ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

* * *

ಎಲ್ಲರ ಬೆರಳೂ ಗುಜರಿಯವನ ಕಡೆಗೆ. ಮುಂಜಾನೆ ಅವನ ಗಾಡಿ ಬೀದಿಯಲ್ಲಿ ನಿಂತಿದ್ದನ್ನು ಪಕ್ಕದ ಗೋದಾಮಿನ ಕಾವಲುಗಾರ ನೋಡಿದ್ದ.

"ಬಾಗಿಲ ಪಕ್ಕದಲ್ಲೇ ಕಬ್ಬಿಣದ ಕುರ್ಚಿ ಇದ್ವು," ಗುಜರಿಯವನು ಹೇಳಿದ. "ಅದು ಬಿಟ್ಟು ಹಿಂದಿನಿಂದ ಹಗುರದ್ದು ಕದೀತೀನಾ ಮೇಡಂ? ನಮ್ಮದು ತೂಕದ ವ್ಯಾಪಾರ."

"ಯಾರನ್ನಾದ್ರೂ ನೋಡಿದ್ಯಾ?"

"ಮಂಜಲ್ಲಿ ಯಾರೋ ವಯಸ್ಸಾದೋರು ಏನೋ ತಳ್ಕೊಂಡು ಹೋದ್ರು. ಮಗೂಗೆ ಏನೋ ಹೇಳ್ತಾ ಇದ್ದ ಹಾಗಿತ್ತು."

"ಮಗು ಕಾಣಿಸ್ತಾ?"

"ಮಾತು ಮಾತ್ರ ಕೇಳಿಸ್ತು."

ಇನ್ಸ್‌ಪೆಕ್ಟರ್ ಯಜಮಾನಿಯತ್ತ ತಿರುಗಿದರು. "ಆ ಕುರ್ಚಿ ಯಾರ ಮನೇದು?"

"ನದಿ ಪಕ್ಕದ ಬೀದೀದು. ತಾಯಿ, ಮಗಳು ಬಂದು ಕೊಟ್ರು. ಮಗಳಿಗೀಗ ಮೋಟಾರ್ ಕುರ್ಚಿ."

* * *

ಬಾಗಿಲು ತೆರೆದದ್ದು ಹುಡುಗಿಯೇ. ಮೋಟಾರ್ ಕುರ್ಚಿಯಲ್ಲಿ ಸರ್ರನೆ ಬಂದಳು.

"ಮನೇಲಿ ದೊಡ್ಡೋರು ಯಾರಿದಾರಮ್ಮ?"

"ಅಮ್ಮ ಕೆಲಸಕ್ಕೆ ಹೋದ್ರು. ತಾತ ನದಿ ಹತ್ರ. ಮೊದ್ಲು ಇಬ್ರೂ ಹೋಗ್ತಿದ್ವಿ."

"ಈಗ?"

"ಈಗ ನಾನೇ ಎಲ್ಲಾ ಕಡೆ ಹೋಗ್ತೀನಲ್ಲ," ಹುಡುಗಿ ಹೆಮ್ಮೆಯಿಂದ ಹೇಳಿದಳು. "ಯಾರೂ ತಳ್ಳೋದು ಬೇಡ."

* * *

ನದಿಯ ಮೇಲೆ ಮಂಜು ಹಾಲಿನ ಕೆನೆಯಂತೆ ನಿಂತಿತ್ತು. ಬೆಂಚಿನ ಮೇಲೆ ಮುದುಕರೊಬ್ಬರು. ಪಕ್ಕದಲ್ಲಿ ನೀರಿಗೆ ಮುಖ ಮಾಡಿದ ಖಾಲಿ ಗಾಲಿಕುರ್ಚಿ.

"ದೋಣಿ ತೋರಿಸ್ತಿದ್ದೆ," ಎಂದರು ತಾತ, ಕನಸಿನಿಂದ ಪೂರ್ತಿ ಎಚ್ಚರವಾಗದವರಂತೆ. "ಹೇಗೆ ಗೊತ್ತಾಯ್ತು?"

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತರು. "ಖಾಲಿ ಕುರ್ಚಿ ಕದ್ದೋರು ಇಳಿಜಾರಲ್ಲಿ ಸುಮ್ಮನೆ ತಳ್ಕೊಂಡು ಹೋಗ್ತಾರೆ. ನೀವು ತಿರುಗಿಸಿ, ಹಿಮ್ಮುಖವಾಗಿ ಇಳಿಸಿದ್ರಿ. ಕೂತ ಮಗು ಮುಂದಕ್ಕೆ ಮುಗ್ಗರಿಸಬಾರದು ಅಂತ. ಶೆಡ್ಡಿನವರು ತಳ್ಳೋದೆಲ್ಲ ಖಾಲಿ ಕುರ್ಚಿ. ಅವರಿಗೆ ಆ ಅಭ್ಯಾಸ ಇರಲ್ಲ. ತಾಯಿಗೆ ಬೇಕಿದ್ರೆ ಕೇಳಿ ವಾಪಸ್ ತಗೋತಿದ್ರು. ಕೊಡೋಕೆ ಮನಸ್ಸಿಲ್ಲದೆ, ಬಾಯಿಬಿಟ್ಟು ಹೇಳೋಕೂ ಆಗದೋರು ಮನೇಲಿ ಇನ್ನೊಬ್ಬರಿದ್ರು."

ತಾತ ತಮ್ಮ ಅಂಗೈ ನೋಡಿಕೊಂಡರು. "ಹೇಗೆ ಹೇಳಲಿ? ಮೊಮ್ಮಗಳು ತಾನೇ ಓಡಾಡ್ತಾಳೆ. ಮನೆಯೆಲ್ಲ ಸಂತೋಷ. ನನಗೂ ಸಂತೋಷವೇ. ಆದ್ರೆ ಬೆಳಿಗ್ಗೆ ಎದ್ರೆ ಈ ಕೈಗಳಿಗೆ ಏನು ಕೆಲಸ ಕೊಡಬೇಕೋ ತಿಳಿಯಲ್ಲ. ಒಂದ್ಸಲ ನೋಡೋಣ ಅಂತ ಶೆಡ್ಡಿಗೆ ಹೋದೆ. ಹಸಿರಿದ್ದದ್ದಕ್ಕೆ ಕೆಂಪು ಬಳಿದಿದ್ರು. ಹಿಡಿಕೆ ಮುಟ್ಟಿದಾಗ ಗೊತ್ತಾಯ್ತು. ನನ್ನ ಹೆಬ್ಬೆರಳು ಕೂತು ಕೂತು ತಗ್ಗು ಬಿದ್ದಿತ್ತು. ಆಮೇಲೆ ಬಿಡೋಕಾಗ್ಲಿಲ್ಲ."

ಇನ್ಸ್‌ಪೆಕ್ಟರ್ ಕಡಲಾಚೆಯ ಹುಡುಗಿಯ ವಿಷಯ ಹೇಳಿದರು.

"ಇನ್ನೂ ಅಮ್ಮನ ಸೊಂಟದ ಮೇಲೇನಾ?"

"ಹೌದು."

"ಆ ತಾಯಿಗೆ ಎಷ್ಟು ನೋವಿರುತ್ತೋ," ಎಂದು ತಾತ ಎದ್ದು ನಿಂತರು.

* * *

ಕುರ್ಚಿಯನ್ನು ಅವರೇ ಶೆಡ್ಡಿಗೆ ತಳ್ಳಿಕೊಂಡು ಬಂದರು. ಯಜಮಾನಿ ದೂರು ಹಿಂದಕ್ಕೆ ಪಡೆದರು. ಲಾರಿ ಹೊರಡುವಾಗ ಮೊಮ್ಮಗಳೂ ಬಂದಿದ್ದಳು. ಅವಳಿಗೆ ಎಲ್ಲ ಗೊತ್ತಾಗಿತ್ತು.

"ಮನೆಗೆ ಹೋಗೋಣ ತಾತ. ನಿಧಾನ ಮಾಡ್ಲಾ?"

"ಬೇಡ ಪುಟ್ಟಿ. ನೀನು ಮುಂದೆ ಹೋಗು. ನಾನು ಬರ್ತೀನಿ."

ಅವಳು ಮುಂದೆ ಹೋದಳು. ಬೀದಿಯ ತಿರುವಿನಲ್ಲಿ ಕುರ್ಚಿ ನಿಲ್ಲಿಸಿ, ಹಿಂದಿರುಗಿ ನೋಡುತ್ತ ಕಾದಳು.